ಭಯ ಬಿಡಿಸ್ತೀನಿ ಅಂತ ರಬ್ಬರ್ ಹಾವು ಎಸೆಯುವವರಿಗೆ

ಮಳೆ ಹಿಡಿದ ಮೇಲೆ ಕೊಡಗಿನ ಹೋಂಸ್ಟೇಗಳಿಂದ ಹೊರಡುವ ರೀಲ್ಸ್‌ಗಳಲ್ಲಿ ಒಂದು ಬಗೆ ಮಾತ್ರ ಬದಲಾಗುವುದೇ ಇಲ್ಲ. ಗುಂಪಿನಲ್ಲಿ ಒಬ್ಬರಿಗೆ ಇಂಬಳ (ಜಿಗಣೆ) ಕಂಡರಾಗದು. ಇನ್ನೊಬ್ಬರು ಕಡ್ಡಿ ತುದಿಗೆ ಇಂಬಳ ಹತ್ತಿಸಿಕೊಂಡು ಹಿಂದಿನಿಂದ ಬಂದು ಕುತ್ತಿಗೆಗೆ ಬಿಡುತ್ತಾರೆ. ಮೂರನೆಯವರ ಕೈಯಲ್ಲಿ ಮೊಬೈಲ್. ಕಾಫಿ ಕುಯ್ಲಿನ ಕಾಲಕ್ಕೆ ಇದೇ ಆಟ ತೋಟದೊಳಗೆ ರಬ್ಬರ್ ಹಾವಿನ ರೂಪದಲ್ಲಿ ನಡೆಯುತ್ತದೆ. ಸುಮ್ಮನೆ ಹೆದರಿಸುವುದು ಬೇರೆ, ಫೋಬಿಯಾ ಇದೆ ಎಂದು ಗೊತ್ತಿದ್ದೂ ಅದನ್ನೇ ಹಿಡಿದು ಆಡುವುದು ಬೇರೆ. ಎರಡನೆಯದು ಯಾವ ಸಂದರ್ಭದಲ್ಲೂ ಸರಿಯಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎನ್ನುವುದಕ್ಕೆ ಮೈಯೊಳಗಿನ ಕಾರಣವೂ ಇದೆ, ತೋಟದ ಕಾರಣವೂ ಇದೆ.

ಮೊದಲು ಹೆದರಿಕೆಗೂ ಫೋಬಿಯಾಕ್ಕೂ ಇರುವ ಗೆರೆ. ಸಂಜೆ ಹೊತ್ತು ತೋಟದ ದಾರಿಯಲ್ಲಿ ಆನೆ ಇದೆ ಎಂದರೆ ಎದೆ ನಡುಗುವುದು ಫೋಬಿಯಾ ಅಲ್ಲ, ಅದು ಬದುಕುವ ಬುದ್ಧಿ. ಇಂಬಳ ಕಂಡು ಛೀ ಎನ್ನುವುದು ಬರೀ ಅಸಹ್ಯ. ಹಾಗೆ ಅನ್ನುವವರು ಉಪ್ಪಿನ ಗಂಟು ಹಿಡಿದುಕೊಂಡು ಜುಲೈಯಲ್ಲೂ ತೋಟಕ್ಕೆ ಇಳಿಯುತ್ತಾರೆ. ಫೋಬಿಯಾ ಇರುವವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂಗಳ ದಾಟುವುದೇ ಇಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ, ಇರುವ ಅಪಾಯಕ್ಕೂ ಬರುವ ಭಯಕ್ಕೂ ತಾಳೆಯೇ ಆಗದ, ದಿನಚರಿಯನ್ನೇ ಬದಲಿಸಿಬಿಡುವ ಭಯಕ್ಕೆ ವೈದ್ಯರು ಫೋಬಿಯಾ ಎನ್ನುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಆ ಪ್ರಾಣಿಯ ಹೆಸರು ಎತ್ತಿದರೆ ಮಾತು ಬದಲಿಸುತ್ತಾರೆ. ಪುಸ್ತಕದಲ್ಲಿ ಚಿತ್ರ ಬಂದರೆ ಪುಟವನ್ನು ಮುಟ್ಟದೆ ಮಗುಚಲು ನೋಡುತ್ತಾರೆ. ಕೂರುವ ಮೊದಲು ಕುರ್ಚಿಯ ಕೆಳಗೆ, ಮಲಗುವ ಮೊದಲು ಕಂಬಳಿ ಒಳಗೆ ನೋಡುತ್ತಾರೆ. ಬಚ್ಚಲಿಗೆ ಹೋಗುವಾಗ ಹಗಲಲ್ಲೂ ಟಾರ್ಚ್ ಬೇಕು.

ಅವರಿಗೆ ತಿಳಿವಳಿಕೆ ಕಡಿಮೆ ಎಂದು ಮಾತ್ರ ಭಾವಿಸಬಾರದು. ಕೇರೆ ಹಾವಿಗೆ ವಿಷವಿಲ್ಲ, ರಬ್ಬರ್ ಹಾವಿಗೆ ಜೀವವಿಲ್ಲ ಎನ್ನುವುದು ಅವರಿಗೆ ನಮ್ಮಷ್ಟೇ ಗೊತ್ತು. ಮಿದುಳಿನ ಆಳದಲ್ಲಿ ಬಾದಾಮಿ ಬೀಜದಂತಿರುವ ಅಮಿಗ್ಡಲ ಎಂಬ ಭಾಗ, ಕಣ್ಣಿಗೆ ಬಿದ್ದದ್ದು ಏನೆಂದು ಬುದ್ಧಿ ಬಿಡಿಸಿ ನೋಡುವ ಮೊದಲೇ ಮೈಗೆ ಅಪ್ಪಣೆ ಕೊಟ್ಟಾಗಿರುತ್ತದೆ. ಅಡ್ರಿನಲಿನ್ ಹರಿದು, ಎದೆ ಬಡಿತ ಏರಿ, ಕಾಲು ಓಟಕ್ಕೆ ಸಿದ್ಧವಾಗಿ, ಆಮೇಲೆ ‘ಓ, ಇದು ರಬ್ಬರ್’ ಎಂಬ ಅರಿವು ಬರುತ್ತದೆ. ಮೈ ಆಗಲೇ ಹಾರಿ ಆಗಿದೆ. ತಮಾಷೆ ಮಾಡುವವರು ನಗುವುದು ಈ ಅಂತರದ ಮೇಲೆಯೇ. ಆ ಅಂತರದಲ್ಲಿ ಎದುರಿನವರ ಕೈಕಾಲು ಅವರ ಸ್ವಾಧೀನದಲ್ಲಿ ಇರುವುದಿಲ್ಲ.

ಅದೇ ಕೈಕಾಲು ಎಲ್ಲಿವೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಜನವರಿ, ರೊಬಸ್ಟ ಕುಯ್ಲು. ಹೆಂಗಸೊಬ್ಬರು ಎಡಗೈಯಲ್ಲಿ ಕಾಫಿ ಗಿಡದ ರೆಕ್ಕೆಯನ್ನು, ಅಂದರೆ ಕೊಂಬೆಯನ್ನು, ಬಗ್ಗಿಸಿ ಹಿಡಿದಿದ್ದಾರೆ, ಬಲಗೈ ಹಣ್ಣು ಸವರುತ್ತಿದೆ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಆಗಲೇ ಆರೇಳು ಕಿಲೊ ಹಣ್ಣು, ಭಾರವೆಲ್ಲ ಮುಂದಕ್ಕೆ. ಕಾಲು ಇರುವುದು ಇಳಿಜಾರಿನಲ್ಲಿ, ಒಣಗಿದ ಸಿಲ್ವರ್ ಓಕ್ ಎಲೆಯ ಮೇಲೆ. ಆ ಎಲೆ ಎಷ್ಟು ಜಾರುತ್ತದೆ ಎಂದು ತೋಟದವರಿಗೆ ಹೇಳಬೇಕಾಗಿಲ್ಲ. ಹಿಂದೆ ಎರಡಡಿ ದೂರದಲ್ಲಿ ನೀರಿಂಗಲು ತೆಗೆದ ತೊಟ್ಟಿಲು ಗುಂಡಿ, ಮೇಲೆ ತರಗೆಲೆ ಮುಚ್ಚಿಕೊಂಡು ಕಾಣದು. ಪಕ್ಕದ ಸಾಲಿನಿಂದ ‘ಅಕ್ಕಾ, ಇಲ್ನೋಡಿ’ ಎಂದು ಹಾವು ಬೀಳುತ್ತದೆ. ಅವರು ಹಿಡಿದ ರೆಕ್ಕೆ ಬಿಡುತ್ತಾರೆ, ಅದು ಹಿಂದಕ್ಕೆ ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ. ಕಾಲು ಹಿಂದಕ್ಕೆ ಹೋಗುತ್ತದೆ, ಹಿಂದೆ ನೆಲ ಇಲ್ಲ. ಇಷ್ಟಕ್ಕೆ ಹಾವಿಗೆ ವಿಷವೇನೂ ಬೇಕಾಗಲಿಲ್ಲ.

ಇದು ನೆಲದ ಮೇಲಿನ ಮಾತು. ಕರಿಮೆಣಸು ಕುಯ್ಯುವವರು 20–30 ಅಡಿ ಮೇಲೆ ಏಣಿಯಲ್ಲಿರುತ್ತಾರೆ. ಅಲ್ಯೂಮಿನಿಯಂ ಏಣಿ ಪಕ್ಕಕ್ಕೆ ವಾಲಿ ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿಗೆ ಹೊಸದಲ್ಲ. ಮರಗಸಿ ಮಾಡುವ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರ ಕೈಯಲ್ಲಿ ಕತ್ತಿ, ಕಳೆ ಹೊಡೆಯುವವರ ಕೈಯಲ್ಲಿ ಯಂತ್ರ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ನಿಂತವರ ಪಕ್ಕದಲ್ಲಿ ತಿರುಗುವ ಬೆಲ್ಟು. ಈ ಯಾವ ಜಾಗದಲ್ಲೂ ಬೆಚ್ಚಿ ಬೀಳುವುದಕ್ಕೆ ಅವಕಾಶವೇ ಇಲ್ಲ. ತೋಟದ ಲೆಕ್ಕ ನೋಡುವ ರೈಟರ್ ಆಗಲಿ ಮೇಸ್ತ್ರಿ ಆಗಲಿ ಕೆಲಸ ಶುರುವಾಗುವ ಮೊದಲು ಒಂದು ಮಾತು ಹೇಳಿಬಿಟ್ಟರೆ ಸಾಕು: ಏಣಿ ಮೇಲೆ ಇರುವವರನ್ನು, ಕತ್ತಿ ಹಿಡಿದವರನ್ನು, ಯಂತ್ರದ ಬಳಿ ಇರುವವರನ್ನು ಹಿಂದಿನಿಂದ ಮುಟ್ಟುವುದೂ ಬೇಡ, ಕೂಗುವುದೂ ಬೇಡ.

ತೋಟಕ್ಕೆ ಸೇರಿದ ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ. ಮೂರು ಸಲ ರಬ್ಬರ್ ಹಾವಿಗೆ ಹೆದರಿ ನಗೆಪಾಟಲಾದವರು ನಾಲ್ಕನೆಯ ಸಲ ‘ಮತ್ತೆ ಅದೇ’ ಎಂದು ಕೈಯಲ್ಲೇ ಎತ್ತಿ ಬಿಸಾಡಲು ಹೋಗುತ್ತಾರೆ. ಕಾಫಿ ಗಿಡದ ರೆಕ್ಕೆ ಮೇಲೆ ಅಲುಗಾಡದೆ ಕೂತಿರುವ ಮಲಬಾರ್ ಗುಳಿ ಮಂಡಲ ನೋಡಲು ಪ್ಲಾಸ್ಟಿಕ್ಕಿನಂತೆಯೇ ಇರುತ್ತದೆ. ತರಗೆಲೆಯಲ್ಲಿ ಮಲಗುವ ಮೂತಿ ಮೇಲೆದ್ದ ಚಿಕ್ಕ ಗುಳಿ ಮಂಡಲ ಎಲೆಯಂತೆಯೇ ಇರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಗುಳಿ ಮಂಡಲಗಳಿಗೂ ಕಾಳಿಂಗಕ್ಕೂ ಅದು ಮಾಡಿದ್ದಲ್ಲ. ಹಾವು ಕಂಡೊಡನೆ ಹಿಂದೆ ಸರಿಯುವ ಅಭ್ಯಾಸ ಈ ನೆಲದಲ್ಲಿ ಜೀವ ಉಳಿಸುವ ಅಭ್ಯಾಸ. ಅದನ್ನು ನಗಾಡಿ ನಗಾಡಿ ಕೆಡಿಸಬಾರದು. ‘ಆನೆ ಬಂತು’ ಎಂದು ಸುಳ್ಳೇ ಕೂಗುವುದಕ್ಕೂ ಇದೇ ಮಾತು. ಇನ್ನು ನಿಜವಾದ ಹಾವನ್ನೇ ಹಿಡಿದು ತಂದು ಹೆದರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದರ ಬಗ್ಗೆ ಚರ್ಚೆಯೇ ಬೇಡ.

ಪ್ರವಾಸಿ ಜಾಗಗಳಲ್ಲಿ ಈ ಆಟಕ್ಕೆ ಬೇರೆ ವೇಷ. ಕುಶಾಲನಗರದ ನಿಸರ್ಗಧಾಮದಲ್ಲಿ ತೂಗುಸೇತುವೆಯ ನಡುವೆ ನಿಂತು, ಎತ್ತರದ ಭಯ ಇರುವವರು ಬರುವಾಗಲೇ ಕುಣಿದು ಅಲ್ಲಾಡಿಸುವುದು. ಮಾಂದಲ್‌ಪಟ್ಟಿಯ ದಾರಿಯಲ್ಲಿ ‘ಬ್ರೇಕ್ ಹಿಡೀತಿಲ್ಲ’ ಎಂದು ಜೀಪನ್ನು ಅಂಚಿಗೆ ಹೊರಳಿಸುವುದು. ದುಬಾರೆಯಲ್ಲೋ ಬರಪೊಳೆಯಲ್ಲೋ ರಾಫ್ಟ್‌ನಿಂದ ತಳ್ಳುವುದು. ಇವುಗಳಲ್ಲಿ ನೀರಿನ ಆಟ ಎಲ್ಲಕ್ಕಿಂತ ಕೆಟ್ಟದ್ದು. ತಣ್ಣನೆ ನೀರಿಗೆ ತಟ್ಟನೆ ಬಿದ್ದರೆ ಯಾರೇ ಆದರೂ ತಮ್ಮ ಇಷ್ಟಕ್ಕೆ ಕಾಯದೆ ಒಮ್ಮೆ ಜೋರಾಗಿ ಉಸಿರೆಳೆಯುತ್ತಾರೆ. ಆ ಕ್ಷಣ ತಲೆ ನೀರಿನೊಳಗಿದ್ದರೆ ಎಳೆದದ್ದು ನೀರನ್ನು. ಮುಳುಗುವವರು ಕೈ ಬೀಸಿ ಕೂಗುತ್ತಾರೆ ಎನ್ನುವುದೂ ತಪ್ಪು ತಿಳಿವಳಿಕೆ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಕೂಗುವಷ್ಟು ಉಸಿರಿರುವುದಿಲ್ಲ. ದಡದಲ್ಲಿ ನಿಂತು ನಗುವವರಿಗೆ ಅದು ನಾಟಕದಂತೆ ಕಾಣುತ್ತದೆ, ಒಂದು ನಿಮಿಷದೊಳಗೆ ಎಲ್ಲ ಮುಗಿದಿರಬಹುದು.

ರಕ್ತ ಮತ್ತು ಸೂಜಿಯ ಫೋಬಿಯಾ ಉಳಿದವುಗಳಿಗಿಂತ ಬೇರೆ. ಹಾವಿನ ಭಯದಲ್ಲಿ ರಕ್ತದೊತ್ತಡ ಏರುತ್ತದೆ, ಮನುಷ್ಯ ಓಡುತ್ತಾನೆ. ರಕ್ತದ ಭಯದಲ್ಲಿ ಒತ್ತಡ ಒಮ್ಮೆ ಏರಿ ದಢಕ್ಕನೆ ಇಳಿಯುತ್ತದೆ, ಮಿದುಳಿಗೆ ರಕ್ತ ಸಾಲದೆ ನಿಂತಲ್ಲೇ ಕುಸಿಯುತ್ತಾರೆ. ಬಣ್ಣದ ನೀರು ಹಚ್ಚಿಕೊಂಡು ‘ಬೆರಳು ಕತ್ತರಿಸಿ ಹೋಯ್ತು’ ಎಂದು ಅಡುಗೆಮನೆಗೆ ಬರುವ ಆಟದಲ್ಲಿ ಪೆಟ್ಟು ಬೀಳುವುದು ತಲೆಯ ಹಿಂಭಾಗಕ್ಕೆ, ಸಿಮೆಂಟು ನೆಲದ ಮೇಲೆ. ವಯಸ್ಸಾದವರಲ್ಲಿ ಹಠಾತ್ ಆಘಾತ ಹೃದಯದ ಸ್ನಾಯುವನ್ನೇ ತಾತ್ಕಾಲಿಕವಾಗಿ ಸಡಿಲ ಮಾಡಬಲ್ಲದು. 1990ರಲ್ಲಿ ಜಪಾನಿನ ವೈದ್ಯರು ಇದನ್ನು ಗುರುತಿಸಿ, ಅಷ್ಟಪದಿ (ಆಕ್ಟೋಪಸ್) ಹಿಡಿಯುವ ಮಡಕೆಯ ಆಕಾರಕ್ಕೆ ಹೃದಯ ಉಬ್ಬುವುದರಿಂದ ಟಾಕೋಟ್ಸುಬೊ ಎಂದು ಹೆಸರಿಟ್ಟರು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಮನೆಯ ಅಜ್ಜಿಗೆ ಜಿರಳೆ ತೋರಿಸಿ ಹೆದರಿಸುವ ಮೊಮ್ಮಕ್ಕಳಿಗೆ ಇದನ್ನು ದೊಡ್ಡವರೇ ಹೇಳಿಕೊಡಬೇಕು.

ಇಷ್ಟು ಹೇಳಿದ ಮೇಲೆ ಬರುವ ಉತ್ತರ ಒಂದೇ: ‘ಹೀಗೆ ಮಾಡಿದರೆ ಭಯ ಹೋಗ್ತದೆ.’ ಈ ವಾದವನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಹೇಳುವವರು ಇದ್ದಾರೆ. ಭಯವನ್ನು ಎದುರಿಸಿದರೆ ಅದು ಕಡಿಮೆಯಾಗುತ್ತದೆ ಎನ್ನುವುದು ನಿಜವೇ. ಆದರೆ ಹೇಗೆ ಎದುರಿಸಿದರೆ ಎನ್ನುವುದರಲ್ಲೇ ಎಲ್ಲ ಇದೆ.

1920ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ವರ್ಷವೂ ತುಂಬದ ಮಗುವಿನ ಮೇಲೆ ಪ್ರಯೋಗ ಮಾಡಿದರು. ಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗೆಲ್ಲ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೆಲವೇ ಸಲಕ್ಕೆ ಮಗು ಬರೀ ಇಲಿಯನ್ನು ಕಂಡರೂ ಅಳತೊಡಗಿತು. ಅಷ್ಟಕ್ಕೇ ನಿಲ್ಲದೆ ಮೊಲ, ನಾಯಿ, ತುಪ್ಪಳದ ಕೋಟು ಎಲ್ಲಕ್ಕೂ ಭಯ ಹಬ್ಬಿತು. ಆ ಭಯವನ್ನು ಅವರು ಬಿಡಿಸಲೇ ಇಲ್ಲ. 1924ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಇದರ ತದ್ವಿರುದ್ಧ ದಾರಿ ಹಿಡಿದರು. ಮೊಲಕ್ಕೆ ಹೆದರುತ್ತಿದ್ದ, ಮೂರು ವರ್ಷವೂ ತುಂಬದ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಟ್ಟು, ಮೊಲವನ್ನು ಗೂಡಿನಲ್ಲಿ ದೂರ ಇಟ್ಟು, ಅವನು ತಡೆದುಕೊಂಡಷ್ಟೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಸವರಿದ. ಹಿಂದಿನಿಂದ ಬಂದು ಹಾವು ಎಸೆಯುವವರು ಮಾಡುತ್ತಿರುವುದು 1920ರ ಪ್ರಯೋಗ. ಹೆಸರು ಹೇಳುವುದು ಮಾತ್ರ 1924ರದ್ದು.

ಪ್ರಾಂಕ್‌ನಲ್ಲಿ ಏನಾಗುತ್ತದೆ ನೋಡಿ. ಮೊದಲೇ ಗೊತ್ತಿಲ್ಲ, ನಿಲ್ಲಿಸಲು ಆಗುವುದಿಲ್ಲ, ಕಿರುಚಿ ಓಡಿದಾಗಲೇ ಮುಗಿಯುತ್ತದೆ. ‘ಓಡಿದ್ದಕ್ಕೆ ಬದುಕಿದೆ’ ಎಂದು ಮಿದುಳು ಬರೆದುಕೊಳ್ಳುತ್ತದೆ. ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ಜೊತೆಗೆ ಕಾಯುವ ಅಭ್ಯಾಸ ಸೇರಿಕೊಳ್ಳುತ್ತದೆ: ಚೀಲ ಕೊಡವಿ ನೋಡುವುದು, ಚಪ್ಪಲಿ ತಟ್ಟಿ ನೋಡುವುದು, ಆ ಗೆಳೆಯ ಹಿಂದೆ ನಿಂತಾಗ ಗೋಡೆಗೆ ಬೆನ್ನು ಹಾಕುವುದು. ಮೊದಲು ಹಾವಿನ ಭಯ ಮಾತ್ರ ಇತ್ತು, ಈಗ ಗೆಳೆಯನ ಭಯವೂ ಇದೆ. ಚಿಕಿತ್ಸೆಯಲ್ಲಿ ಇದೆಲ್ಲ ತಿರುವುಮುರುವು. ಏನು ಬರುತ್ತದೆಂದು ಮೊದಲೇ ಗೊತ್ತು, ಸಾಕು ಎಂದರೆ ನಿಲ್ಲುತ್ತದೆ, ಓಡದೆ ನಿಂತದ್ದರಿಂದಲೇ ಭಯ ಇಳಿಯುತ್ತದೆ.

ಇಂಬಳದ ಭಯಕ್ಕೆ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಡಲು ಅವರಿಗೇ ಹೇಳಬೇಕು. ಹೆಸರು ಕೇಳಿದರೆ 20, ಪೆನ್ಸಿಲ್ ಚಿತ್ರಕ್ಕೆ 30, ಫೋಟೊಗೆ 45, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಹತ್ತಡಿ ದೂರದಲ್ಲಿದ್ದರೆ 60, ಅದೇ ಬಾಟಲಿ ಮೇಜಿನ ಮೇಲಿದ್ದರೆ 75, ಕೈಯಲ್ಲಿ ಹಿಡಿದರೆ 85, ಇಂಬಳದ ಕಾಲುಚೀಲ ಹಾಕಿ ತೋಟದಲ್ಲಿ ಐದು ನಿಮಿಷ ನಡೆದರೆ 90, ಶೂ ಮೇಲೆ ಹತ್ತಿದ್ದನ್ನು ಕೂತು ನೋಡಿದರೆ 100. ಅಂಕಗಳು ಒಬ್ಬೊಬ್ಬರಿಗೆ ಒಂದೊಂದು ಥರ. ಒಂದು ಮೆಟ್ಟಿಲಲ್ಲಿ ಅಂಕ ಸುಮಾರು ಅರ್ಧಕ್ಕೆ ಇಳಿಯುವವರೆಗೆ ಇರಬೇಕು, ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು. ಬೇಜಾರು ಬರುವಷ್ಟು ಸಲ ಅದನ್ನೇ ಮಾಡಿ ಆಮೇಲೆ ಮುಂದಿನದು. ಬಾಟಲಿಯ ಮುಚ್ಚಳಕ್ಕೆ ಗಾಳಿಗೆಂದು ತೂತು ಮಾಡಿದರೆ ಒಳಗಿಂದ ತೆಳು ಬಟ್ಟೆ ಕಟ್ಟಲೇಬೇಕು. ಇಂಬಳ ದಾರದಷ್ಟು ತೆಳುವಾಗಿ ಸಣ್ಣ ತೂತಲ್ಲೂ ಹೊರಬರುತ್ತದೆ, ಒಂದು ಸಲ ಹಾಗಾದರೆ ವಾರಗಳ ಶ್ರಮ ನೀರಿಗೆ ಹೋದಂತೆ.

ಇಂಬಳ ಕಚ್ಚಿದರೆ ಬಿಡಿಸುವ ಬಗೆಯನ್ನು ಮೊದಲೇ ಕಲಿಸಿದ್ದರೆ ಭಯ ಅರ್ಧ ಇಳಿಯುತ್ತದೆ. ಉಗುರನ್ನು ತೆಳು ತುದಿಯ ಬಾಯಿಯ ಕೆಳಗೆ ಚರ್ಮಕ್ಕೆ ಒತ್ತಿ ಜಾರಿಸಬೇಕು, ಆಮೇಲೆ ದಪ್ಪ ತುದಿಯನ್ನು. ಉಪ್ಪು, ಬೆಂಕಿಕಡ್ಡಿ ಬೇಗ ಕೆಲಸ ಮಾಡುತ್ತವೆ ನಿಜ. ಆದರೆ ಇಂಬಳ ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಕೆಲವೊಮ್ಮೆ ಗಂಟೆಗಟ್ಟಲೆ ಜಿನುಗುತ್ತದೆ, ಗಾಬರಿ ಬೇಡ, ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಕಟ್ಟಿದರೆ ಸಾಕು.

ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರಾನ್ ಓಸ್ಟ್ 1989ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೂರು ಗಂಟೆಯೊಳಗೆ ಒಂದೇ ಸಲಕ್ಕೆ ಈ ಮೆಟ್ಟಿಲುಗಳನ್ನು ಹತ್ತಿಸುತ್ತಾರೆ. ಅದು ತರಬೇತಿ ಪಡೆದವರ ಕೈಯ ಕೆಲಸ, ಅಲ್ಲೂ ಅನುಮತಿ ಕೇಳದೆ ಏನನ್ನೂ ಹತ್ತಿರ ತರುವುದಿಲ್ಲ. ಮೂರ್ಛೆ ಹೋಗುವವರು, ಹೃದ್ರೋಗ ಇರುವವರು, ಬಸುರಿಯರು ಮನೆಯಲ್ಲಿ ಪ್ರಯತ್ನಿಸುವುದೇ ಬೇಡ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿದರೆ ದಿನದ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಫೋಬಿಯಾದ ಪಟ್ಟಿಗೆ ಸೇರಿಸಬಾರದ ಒಂದು ಭಯ ಕೊಡಗಿನಲ್ಲಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಮಠ ಕಳೆದುಕೊಂಡವರು, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಆದದ್ದನ್ನು ಹತ್ತಿರದಿಂದ ಕಂಡವರು ರಾತ್ರಿ ಜೋರು ಮಳೆಗೆ ಎದ್ದು ಕೂರುತ್ತಾರೆ. ಅದು ಕಂಡು ಉಂಡ ನೋವಿನ ಗುರುತು. ‘ಗುಡ್ಡ ಬಿರುಕು ಬಿಟ್ಟಿದೆ, ಓಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಳೇ ವಿಡಿಯೊ ಹಾಕಿ ಆಮೇಲೆ ನಗುವ ಇಮೋಜಿ ಹಾಕುವವರ ಮೇಲೆ ನನಗೆ ಬರುವ ಸಿಟ್ಟು ಸಣ್ಣದಲ್ಲ. ಸದ್ದಿನ ಭಯ ಇರುವವರೂ ಇದ್ದಾರೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುವುದು ಪದ್ಧತಿ. ಪದ್ಧತಿಯಲ್ಲಿ ಸದ್ದು ಯಾವಾಗ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಕಿವಿ ಮುಚ್ಚಿಕೊಳ್ಳಬಹುದು, ಒಳಗೆ ಹೋಗಬಹುದು. ಬೆನ್ನ ಹಿಂದೆ ಗರ್ನಾಲು ಹಚ್ಚುವುದು ಪದ್ಧತಿಯಲ್ಲ.

ಹಾಗಾದರೆ ಹೆದರಿಸುವ ಆಟವೇ ಬೇಡವೇ? ಬೇಕು. ಬಾಗಿಲ ಹಿಂದೆ ಅಡಗಿ ‘ಭೋ’ ಎನ್ನುವ ಅಣ್ಣ ತಂಗಿಯರ ಆಟ ಚೆಂದ, ಯಾಕೆಂದರೆ ನಾಳೆ ತಂಗಿಯ ಸರದಿ. ಶಿಬಿರದ ಬೆಂಕಿ ಸುತ್ತ ದೆವ್ವದ ಕಥೆ ಚೆಂದ, ಎದ್ದು ಹೋಗುವವರಿಗೆ ದಾರಿ ಇದ್ದರೆ. ತನ್ನ ಭಯದ ಬಗ್ಗೆ ತಾನೇ ನಗಾಡುವವರ ಜೊತೆ ನಗಬಹುದು, ಅವರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಯವರೆಗೆ. ನಾನು ಕೇಳುವ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ಹೀಗೊಂದು ತಮಾಷೆ ಮಾಡುತ್ತೇವೆ ಎಂದು ಅವರಿಗೆ ಮೊದಲೇ ಹೇಳಿದರೆ ಅವರು ನಗುತ್ತಾರೋ, ರಾತ್ರಿಯೇ ಊರು ಬಿಡುತ್ತಾರೋ? ರಾತ್ರಿಯೇ ಹೊರಡುವವರ ಮೇಲೆ ಮಾಡುವುದಕ್ಕೆ ತಮಾಷೆ ಎಂಬ ಹೆಸರು ಒಪ್ಪುವುದಿಲ್ಲ.

ಕಾನೂನನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ, ಬೇರೆಯವರ ಜೀವಕ್ಕೆ ಕುತ್ತು ತರುವ ದುಡುಕಿನ ಕೃತ್ಯಕ್ಕೆ ಶಿಕ್ಷೆ ಹೇಳುತ್ತದೆ. ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಕಾಲೇಜು ಹಾಸ್ಟೆಲಿನಲ್ಲಿ ಹೊಸಬರ ಮೇಲೆ ಮಾಡಿದರೆ ಯುಜಿಸಿಯ 2009ರ ನಿಯಮದಂತೆ ರ‍್ಯಾಗಿಂಗ್, ಅದರ ವ್ಯಾಖ್ಯೆಯಲ್ಲಿ ಭಯ ಹುಟ್ಟಿಸುವುದೂ ಸೇರಿದೆ.

ಆಗಿಹೋಗಿದ್ದರೆ ಏನು ಮಾಡಬೇಕು? ಮೊದಲು ವಸ್ತುವನ್ನು ಕಣ್ಣಿಂದ ದೂರ ಮಾಡಿ. ‘ನೋಡು, ಬರೀ ರಬ್ಬರ್’ ಎಂದು ಮತ್ತೆ ಮುಖದ ಮುಂದೆ ತರಬೇಡಿ, ಎಲ್ಲರೂ ಮಾಡುವ ತಪ್ಪು ಇದು. ಮೊಬೈಲ್ ಕೆಳಗಿಡಿ. ಹಿಡಿದು ಅಪ್ಪಿಕೊಳ್ಳಲು ಹೋಗಬೇಡಿ, ಕೇಳಿ ಮುಟ್ಟಿ. ಕೂರಿಸಿ, ಪಾದ ನೆಲಕ್ಕೆ ತಾಗಲಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ನೀವೂ ಜೊತೆಗೆ ಮಾಡಿ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ರಕ್ತದ ಭಯದವರಿಗೆ ಇದಕ್ಕಿಂತ ಕೈ, ತೊಡೆ, ಹೊಟ್ಟೆಯ ಸ್ನಾಯು ಬಿಗಿ ಮಾಡಿ 10–15 ಸೆಕೆಂಡು ಹಿಡಿದು, 20–30 ಸೆಕೆಂಡು ಸಡಿಲಿಸಿ, ಹೀಗೆ ಐದು ಸಲ ಮಾಡಿಸುವುದು ಒಳ್ಳೆಯದು, ಒತ್ತಡ ಇಳಿಯುವುದನ್ನು ಅದು ತಡೆಯುತ್ತದೆ. ಬಿದ್ದೇ ಬಿಟ್ಟರೆ ಅಂಗಾತ ಮಲಗಿಸಿ ಕಾಲು ಒಂದಡಿ ಎತ್ತಿ, ಬಾಯಿಗೆ ನೀರು ಹಾಕಬೇಡಿ. ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಎದೆ ನೋವು ಎಂದರೆ 108.

ವಿಡಿಯೊವನ್ನು ಅವರ ಎದುರಲ್ಲೇ ಅಳಿಸಿ, ಗುಂಪಿಗೆ ಹಾಕಿದ್ದರೆ ಅಲ್ಲಿಂದಲೂ. ಕ್ಷಮೆ ಕೇಳುವಾಗ ‘ತಮಾಷೆಗೆ ಮಾಡಿದ್ದು’ ಎಂಬ ಮಾತು ಸೇರಿಸಬೇಡಿ. ‘ನಿಮಗೆ ಭಯ ಅಂತ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ, ತಪ್ಪಾಯ್ತು’ ಎನ್ನಿ. ಆಮೇಲೆ ಆ ಹಾವು ಈಗ ಎಲ್ಲಿದೆ ಎಂದು ಖಚಿತವಾಗಿ ಹೇಳಿ: ಒಲೆಗೆ ಹಾಕಿದೆ, ಅಥವಾ ಪೇಟೆಯ ಕಸದ ಗಾಡಿಗೆ ಕೊಟ್ಟೆ. ಅದು ಎಲ್ಲೋ ಮನೆಯಲ್ಲೇ ಇದೆ ಎಂದಾದರೆ ಅವರು ಪ್ರತಿ ರಾತ್ರಿ ಕಂಬಳಿ ಕೊಡವುತ್ತಲೇ ಇರುತ್ತಾರೆ.